ಹೊಳೆಯಾಚೆಯ ಇಪ್ಪತ್ತೊಂದು ಜನ

ಜನಗಣತಿ ವರದಿಗೆ ಸಹಿ ಹಾಕಿದ ಮುಖ್ಯ ಅಧಿಕಾರಿಗಳೇ,

ನಮ್ಮ ಓಸ್‌ಡಾಲ್ ಟೌನ್‌ಶಿಪ್ಪಿನಲ್ಲಿ, ಹೆರಾನ್ ಹೊಳೆಯ ಉತ್ತರಕ್ಕೆ, ಗಣತಿಯ ದಿನ ಒಬ್ಬ ಮನುಷ್ಯನೂ ವಾಸವಾಗಿರಲಿಲ್ಲ ಎಂದು ತಮ್ಮ ವರದಿ ಹೇಳುತ್ತದೆ. ಅಲ್ಲಿ ಇಪ್ಪತ್ತೊಂದು ಜನ ವಾಸವಾಗಿದ್ದರು. ತಮ್ಮ ವರದಿಯ ದೆಸೆಯಿಂದ ಈಗ ಇಪ್ಪತ್ತು ಜನ ಇದ್ದಾರೆ. ಪತ್ರದ ವಿಷಯ ಇಷ್ಟೇ. ಕೆಲಸದ ಒತ್ತಡವಿದ್ದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಪೂರ್ತಿ ನೋಡದೆ ಸಹಿ ಹಾಕುವ ಅಭ್ಯಾಸ ತಮಗೆ ಹೇಗೂ ಇದೆ.

ವರದಿಯ ಇನ್ನೂರ ಹನ್ನೊಂದನೆಯ ಪುಟದಲ್ಲಿ ನಮಗೆ ನಾಲ್ಕು ಸಾಲು ದಯಪಾಲಿಸಿದ್ದೀರಿ. ವಿಸ್ತೀರ್ಣ ಮೂವತ್ತಾರು ಚದರ ಮೈಲಿ. ಅದರಲ್ಲಿ ನೀರು ಅರ್ಧ ಚದರ ಮೈಲಿ. ಜನಸಂಖ್ಯೆ ಐವತ್ತೆಂಟು. ಹೊಳೆಯ ಉತ್ತರ ಭಾಗ, ಜನವಸತಿ ಇಲ್ಲ. ನಾಲ್ಕರಲ್ಲಿ ಒಂದು ಸಾಲು ಸರಿಯಾಗಿದೆ. ಅದು ವಿಸ್ತೀರ್ಣ. ಅದರಲ್ಲಿಯೂ ತಮ್ಮ ಹೆಚ್ಚುಗಾರಿಕೆ ಏನಿಲ್ಲ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಈ ಚೌಕವನ್ನು ನೂರೈವತ್ತು ವರ್ಷದ ಹಿಂದೆ ತಮ್ಮಂಥವರೇ ಯಾರೋ ರಾಜಧಾನಿಯಲ್ಲಿ ಕೂತು, ನಡುವೆ ಹೊಳೆಯೊಂದು ಹರಿಯುತ್ತದೆಂಬುದನ್ನು ನೋಡದೆ, ಅಳತೆಪಟ್ಟಿ ಇಟ್ಟು ಗೀಚಿದರು. ಇನ್ನು ಆ ಅರ್ಧ ಚದರ ಮೈಲಿ ನೀರು. ಅದು ನನ್ನ ಅಜ್ಜನ ಕಾಲದಲ್ಲೇ ಕಾಲುವೆ ತೋಡಿ ಬತ್ತಿಸಿದ ಕೆರೆ. ಈಗ ಅಲ್ಲಿ ಸೋಯಾಬೀನ್ ಬೆಳೆಯುತ್ತದೆ. ಇಲ್ಲದ ಕೆರೆಯನ್ನು ಕಂಡ ಕಣ್ಣಿಗೆ ಇದ್ದ ಜನ ಕಾಣಲಿಲ್ಲವೆಂದರೆ, ಆ ಕಣ್ಣನ್ನು ಇಲಾಖೆ ಎಲ್ಲಿಂದ ತರಿಸಿಕೊಂಡಿತು ಎಂದು ಕೇಳಬೇಕಾಗುತ್ತದೆ.

ನಾನು ಈ ಟೌನ್‌ಶಿಪ್ಪಿನ ಗುಮಾಸ್ತೆ. ಮೂವತ್ತೊಂದು ವರ್ಷದಿಂದ ಇಲ್ಲಿನ ಹುಟ್ಟು, ಸಾವು, ರಸ್ತೆ, ಬೇಲಿ ಜಗಳ ಎಲ್ಲವನ್ನೂ ಬರೆದಿಟ್ಟವಳು. ನಮ್ಮಲ್ಲಿ ಒಂದು ಸಭಾಭವನ, ಒಂದು ಚರ್ಚು, ಒಂದು ಧಾನ್ಯದ ಗೋದಾಮು ಇವೆ, ಮಿಕ್ಕದ್ದೆಲ್ಲ ಹೊಲ ಮತ್ತು ಹೊಲದ ನಡುವಿನ ಮನೆಗಳು. ಹೊಳೆಯಾಚೆ ಆರು ಮನೆ. ಆ ಮನೆಗಳವರಿಗೆ ತಮ್ಮ ನಮೂನೆ ಅಂಚೆಯಲ್ಲಿ ಬರಲಿಲ್ಲ. ಏಕೆಂದರೆ ಅವರು ಪೇಟೆಯ ಅಂಚೆ ಕಚೇರಿಯಲ್ಲಿ ಬಾಡಿಗೆ ಪೆಟ್ಟಿಗೆ ಇಟ್ಟುಕೊಂಡವರು. ಪೆಟ್ಟಿಗೆಯಲ್ಲಿ ಮನುಷ್ಯರು ವಾಸಿಸುವುದಿಲ್ಲವಾದ್ದರಿಂದ ಅಲ್ಲಿಗೆ ನಮೂನೆ ಕಳಿಸುವುದಿಲ್ಲ ಎಂಬುದು ತಮ್ಮ ಇಲಾಖೆಯ ನಿಯಮ. ಬದಲಿಗೆ ಮನೆಮನೆಗೆ ಗಣತಿದಾರನನ್ನು ಕಳಿಸುತ್ತೀರಿ. ಕಳಿಸಿದಿರಿ ಕೂಡ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ, ಹಿಮ ಕರಗಿ ಮಣ್ಣುರಸ್ತೆಗಳೆಲ್ಲ ಗಂಜಿಯಾಗಿದ್ದಾಗ, ಆತ ಹೊಳೆಯ ಈಚೆ ದಡದವರೆಗೆ ಬಂದ. ಸೇತುವೆಯ ಪಕ್ಕದಲ್ಲೇ ವೆಲ್ಡನ್ ಎಕ್‌ಬ್ಲಾಡನ ಮನೆ. ಎಪ್ಪತ್ತಾರು ವರ್ಷದ ವೆಲ್ಡನ್ ಅಂಗಳದಲ್ಲಿ ಟ್ರ್ಯಾಕ್ಟರಿನ ಗಾಲಿ ತೊಳೆಯುತ್ತಿದ್ದ. ಅವನ ಪೂರ್ವಿಕರು ಸ್ವೀಡನ್ನಿನಿಂದ ಬಂದವರು. ಹೊಳೆಯಾಚೆ ಎದುರು ಮನೆಯ ಟೋರ್ಗರ್ ಬ್ರೆಕ್ಕೆಯ ಪೂರ್ವಿಕರು ನಾರ್ವೆಯವರು. ಬಂದು ನೂರು ವರ್ಷ ಕಳೆದರೂ ಈ ಇಬ್ಬರು ಗೆಳೆಯರು ಅದನ್ನೇ ಹಿಡಿದು ಒಬ್ಬರನ್ನೊಬ್ಬರು ಹಂಗಿಸುವುದನ್ನು ಒಂದು ದಿನವೂ ಬಿಟ್ಟವರಲ್ಲ.

ಗಣತಿದಾರ ಕಾರಿನ ಗಾಜು ಇಳಿಸಿ ಕೇಳಿದ, "ಆಚೆ ಕಡೆ ಯಾರಾದ್ರೂ ಇದ್ದಾರಾ?"

"ಮನುಷ್ಯರಾ? ಮನುಷ್ಯರು ಯಾರೂ ಇಲ್ಲಪ್ಪ. ಬರೀ ನಾರ್ವೆಯವರು."

ಆತ ನಗಲಿಲ್ಲ. "ಅಂದ್ರೆ ಖಾಯಂ ಆಗಿ ಇರೋರು ಯಾರೂ ಇಲ್ಲ?"

"ಟೋರ್ಗರ್ ಅಂತ ಒಬ್ಬ ಎಪ್ಪತ್ನಾಲ್ಕು ವರ್ಷದಿಂದ ಇದ್ದಾನೆ. ಆದ್ರೆ ಅವನನ್ನ ಲೆಕ್ಕಕ್ಕೆ ತಗೋಬೇಡಿ."

ಆತ ಕೈಯಲ್ಲಿದ್ದ ಯಂತ್ರದಲ್ಲಿ ಏನೋ ಒತ್ತಿದ. ವೆಲ್ಡನ್ ನಗುತ್ತಾ ಕೈ ಒರೆಸಿಕೊಂಡು ಸೇತುವೆಯ ದಾರಿ ತೋರಿಸುವಷ್ಟರಲ್ಲಿ ಕಾರು ಹಿಂದಕ್ಕೆ ತಿರುಗಿತ್ತು.

ಮುಂದಿನ ಭಾನುವಾರ ಚರ್ಚಿನ ಕೆಳಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ವೆಲ್ಡನ್ ಇದನ್ನು ಅಭಿನಯಿಸಿ ತೋರಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ಟೋರ್ಗರ್. "ಪಾಪ, ಸ್ವೀಡನ್ನಿನೋನಿಗೆ ಇಪ್ಪತ್ತರ ಮೇಲೆ ಎಣಿಸೋಕೆ ಬರಲ್ಲ ಕಣ್ರೋ, ಕೈಕಾಲಿನ ಬೆರಳು ಮುಗಿದುಹೋಗ್ತವೆ. ನಾವು ಇಪ್ಪತ್ತೊಂದು ಜನ ಇದ್ದೀವಿ!" ಎಂದ. ನಾನೂ ನಕ್ಕೆ. ಆ ಗಣತಿದಾರ ಮತ್ತೆ ಬಂದನೇ ಎಂದು ಕೇಳಲು ನಮಗ್ಯಾರಿಗೂ ತೋಚಲಿಲ್ಲ. ನನಗೆ ತೋಚಬೇಕಿತ್ತು. ಆ ತಪ್ಪು ನನ್ನದು, ಅದನ್ನು ತಮ್ಮ ಮೇಲೆ ಹೊರಿಸುವುದಿಲ್ಲ. ತಮ್ಮ ಮೇಲಿರುವುದೇ ಸಾಕಷ್ಟಿದೆ.

ಒಂದು ಮಾತು ಕೇಳುತ್ತೇನೆ. ಅಂಗಳದಲ್ಲಿ ನಿಂತ ಮುದುಕನ ತಮಾಷೆಯನ್ನು ತಮಾಷೆಯೆಂದು ಅರಿಯಲು ಎಷ್ಟು ವಿದ್ಯಾಭ್ಯಾಸ ಬೇಕು? ಆತ ಹೆಸರು ಹಿಡಿದು ಹೇಳಿದ ಒಬ್ಬ ಮನುಷ್ಯನನ್ನೂ ಸೇರಿಸಿ ಸೊನ್ನೆ ಎಂದು ಬರೆಯಲು ಎಷ್ಟು ತರಬೇತಿ ಬೇಕು? ಆ ಸೊನ್ನೆ ಗಣತಿದಾರನ ಕೈಯಿಂದ ಮೇಲ್ವಿಚಾರಕನಿಗೆ, ಅಲ್ಲಿಂದ ಜಿಲ್ಲಾ ಕಚೇರಿಗೆ, ಅಲ್ಲಿಂದ ತಮ್ಮ ಮೇಜಿಗೆ ಏರಿ ಬರುವಾಗ, ದಾರಿಯಲ್ಲಿ ಕೂತ ಅಷ್ಟೂ ಜನರಲ್ಲಿ ಒಬ್ಬರಾದರೂ, ಆರು ಮನೆಗಳ ಹೊಗೆಕೊಳವೆ ಕಾಣುವ ತಮ್ಮದೇ ವೈಮಾನಿಕ ಚಿತ್ರವನ್ನು ತೆರೆದು ನೋಡಿದರೇ? ಕರಡು ವರದಿ ಬಂದಾಗ ನಾನು ಆಕ್ಷೇಪಣೆ ಬರೆದೆ, ಆರು ಮನೆಗಳ ಯಜಮಾನರ ಹೆಸರು ಕೊಟ್ಟೆ. ತೊಂಬತ್ತು ದಿನದ ಮೇಲೆ ಎರಡು ಸಾಲಿನ ಉತ್ತರ ಬಂತು. "ಸದರಿ ಮಾಹಿತಿಯನ್ನು ಸ್ಥಳೀಯ ಬಲ್ಲವರಿಂದ ಪಡೆಯಲಾಗಿದ್ದು ಸಿಂಧುವಾಗಿರುತ್ತದೆ." ವೆಲ್ಡನ್ ಎಕ್‌ಬ್ಲಾಡನನ್ನು ಬಲ್ಲವನೆಂದು ಕರೆದ ಮೊದಲ ಸರ್ಕಾರಿ ದಾಖಲೆ ಅದು.

ಕಳೆದ ಅಕ್ಟೋಬರಿನಲ್ಲಿ ಕೌಂಟಿಯ ರಸ್ತೆ ಇಲಾಖೆಯವರು ಬಂದು ಸೇತುವೆಯ ಹಲಗೆಗಳನ್ನು ಕಿತ್ತು ಒಯ್ದರು. ಹಳೆಯ ಸೇತುವೆ, ದುರಸ್ತಿಗೆ ಬಂದಿತ್ತು, ನಿಜ. ಆಚೆ ಜನರಿದ್ದರೆ ದುರಸ್ತಿ, ಇಲ್ಲದಿದ್ದರೆ ಮುಚ್ಚುವುದು. ಅವರು ತಮ್ಮ ವರದಿಯನ್ನು ನೋಡಿದರು, ಮುಚ್ಚಿದರು. ಎರಡೂ ಕಡೆ ಕಂಬಕ್ಕೆ ನೋಟಿಸು ಹೊಡೆದರು, ಜನರಿಲ್ಲದ ಕಡೆಗೂ. ಅದನ್ನು ಓದಿ ಟೋರ್ಗರ್, ಹೆಂಡತಿ ಸೂನಿವಾಗೆ ಕೇಳಿಸದಂತೆ, ನನಗೆ ಫೋನ್ ಮಾಡಿದ.

"ಆರ್ಡಿಸ್, ಈ ಕಡೆ ಯಾರೂ ಬದುಕಿಲ್ಲ ಅಂತ ಇಲ್ಲಿ ಬರೆದಿದ್ದಾರೆ. ಸೂನಿವಾಗೆ ಇನ್ನೂ ಹೇಳಿಲ್ಲ. ಅಡುಗೆ ನಿಲ್ಲಿಸಿಬಿಟ್ಟಾಳು."

ಅಂದಿನಿಂದ ಆಚೆಯವರಿಗೆ ಈಚೆ ಬರಲು ಪಕ್ಕದ ಕೌಂಟಿಯ ಸೇತುವೆಯ ಮೇಲೆ ಸುತ್ತಿ ಇಪ್ಪತ್ತೇಳು ಮೈಲಿ. ಜನವರಿ, ಫೆಬ್ರವರಿಯಲ್ಲಿ ಹೊಳೆ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರಿಂದ ವೆಲ್ಡನ್ ದಿನವೂ ಮಂಜುಗಡ್ಡೆಯ ಮೇಲೆ ನಡೆದೇ ಹೋಗಿ ಟೋರ್ಗರ್‌ನೊಡನೆ ಇಸ್ಪೀಟು ಆಡಿ ಬರುತ್ತಿದ್ದ. ಮಾರ್ಚಿನಲ್ಲಿ ಮಂಜುಗಡ್ಡೆ ಬಿರುಕುಬಿಟ್ಟಿತು. ಮಾರ್ಚ್ ಹದಿನೆಂಟರ ಬೆಳಿಗ್ಗೆ ಹನ್ನೊಂದು ಗಂಟೆಗೆ, ವೆಲ್ಡನ್ ಕಿಟಕಿಯಿಂದ ನೋಡುತ್ತಿದ್ದಂತೆಯೇ, ಟೋರ್ಗರ್ ತನ್ನ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಸಿದ.

ಸೂನಿವಾಳ ಕೂಗು ಕೇಳಿ ಪಕ್ಕದ ಮನೆಯ ಯುಸ್ಟೋಲಿಯಾ ಬರ್ರಗಾನ್ ಓಡಿಬಂದಳು. ಹೈನಿನ ಕೊಟ್ಟಿಗೆಯಲ್ಲಿ ಕೆಲಸ ಮಾಡುವ ಹೆಂಗಸು. ಗಂಡ, ಅತ್ತೆ, ನಾಲ್ಕು ಮಕ್ಕಳೊಂದಿಗೆ ಮೆಕ್ಸಿಕೋದಿಂದ ಬಂದು ಒಂಬತ್ತು ವರ್ಷದಿಂದ ಅಲ್ಲಿರುವವಳು, ಅಂದರೆ ತಮ್ಮ ಸೊನ್ನೆಯಲ್ಲಿ ಏಳು ಜನ ಅವಳ ಮನೆಯವರೇ. ಅವಳು ಮಣ್ಣಿನಲ್ಲಿ ಮಂಡಿಯೂರಿ ಟೋರ್ಗರ್‌ನ ಎದೆ ಒತ್ತತೊಡಗಿದಳು. ಹನ್ನೆರಡು ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಬಂದದ್ದು ಈಚೆ ದಡಕ್ಕೆ. ಅದರ ನಕ್ಷೆಯಲ್ಲಿ ಸೇತುವೆ ಇನ್ನೂ ಇತ್ತು. ಅಲ್ಲಿಂದ ಟೋರ್ಗರ್ ಬಿದ್ದ ಜಾಗ ನಾನೂರು ಗಜ. ಎಲ್ಲರಿಗೂ ಕಾಣುತ್ತಿತ್ತು. ವೆಲ್ಡನ್ ಮಂಜುಗಡ್ಡೆಯ ಮೇಲೆ ಕಾಲಿಟ್ಟ, ಅದು ಕುಸಿಯಿತು. ಆಂಬುಲೆನ್ಸಿನವರು ಅವನನ್ನು ತೋಳು ಹಿಡಿದು ಎಳೆದುಹಾಕಿದರು. ಸೊಂಟದವರೆಗೆ ಒದ್ದೆಯಾದ ಆ ಮುದುಕ ದಡದಲ್ಲಿ ನಿಂತು ಅರಚಿದ.

"ನಿಲ್ಲಿಸಬೇಡ ತಾಯಿ! ಸುತ್ತಿ ಬರ್ತಿದ್ದಾರೆ! ನಿಲ್ಲಿಸಬೇಡ!"

"ನಿಲ್ಲಿಸಲ್ಲ!" ಎಂದು ಆಚೆಯಿಂದ ಅವಳು ಕೂಗಿದಳು.

ನಿಲ್ಲಿಸಲಿಲ್ಲ. ಆಂಬುಲೆನ್ಸ್ ಹಿಂದಕ್ಕೆ ತಿರುಗಿ, ಕೆಸರಿನ ರಸ್ತೆಯಲ್ಲಿ ಇಪ್ಪತ್ತೇಳು ಮೈಲಿ ಸುತ್ತಿ ಬರಲು ಐವತ್ತು ನಿಮಿಷವಾಯಿತು. ತಮ್ಮ ಪ್ರಕಾರ ಇಲ್ಲದ ಹೆಂಗಸೊಬ್ಬಳು, ತಮ್ಮ ಪ್ರಕಾರ ಇಲ್ಲದ ಗಂಡಸೊಬ್ಬನ ಎದೆಯನ್ನು ಒಂದು ಗಂಟೆಗೂ ಹೆಚ್ಚು ಕಾಲ ಒತ್ತಿದಳು. ಅವಳ ಮಣಿಕಟ್ಟುಗಳು ಒಂದು ವಾರ ಊದಿಕೊಂಡಿದ್ದವು. ಟೋರ್ಗರ್ ಬದುಕಲಿಲ್ಲ. ಹನ್ನೆರಡು ನಿಮಿಷಕ್ಕೆ ತಲುಪಿದ್ದರೆ ಬದುಕುತ್ತಿದ್ದನೇ? ಆಸ್ಪತ್ರೆಯವರು "ಬಹುಶಃ" ಎಂದರು. ಆ ಬಹುಶಃ ಎಂಬ ಪದದ ಜೊತೆ ವೆಲ್ಡನ್ ಈಗ ಸಂಸಾರ ಮಾಡುತ್ತಿದ್ದಾನೆ. ತಾವು ಅದರೊಡನೆ ಒಂದು ಮಧ್ಯಾಹ್ನವಾದರೂ ಕಳೆದಿದ್ದೀರಾ?

ಏಪ್ರಿಲಿನಲ್ಲಿ ನಾನು ಮತ್ತು ವೆಲ್ಡನ್ ನನ್ನ ಕಾರಿನಲ್ಲಿ ಸುತ್ತಿಹೋಗಿ ಆ ಆರು ಮನೆಗಳ ಗಣತಿ ಮಾಡಿದೆವು. ತಮ್ಮ ಇಲಾಖೆಗೆ ಅಸಾಧ್ಯವಾದ ಆ ಕೆಲಸ ನಮಗೆ ಒಂದು ಪೂರ್ವಾಹ್ನದಲ್ಲಿ ಮುಗಿಯಿತು. ಪ್ರತಿ ಬಾಗಿಲಿನಲ್ಲೂ ವೆಲ್ಡನ್ ಟೋಪಿ ತೆಗೆದು ನಿಂತ. ಬ್ರೆಕ್ಕೆಯವರ ಮನೆಯ ಮುಂದೆ ಮಾತ್ರ ಕಾರಿನಿಂದ ಇಳಿಯಲಿಲ್ಲ. ಸೂನಿವಾ ತಾನೇ ಹೊರಗೆ ಬಂದು ಗಾಜು ತಟ್ಟಿದಳು.

"ಒಳಗೆ ಬಾ ವೆಲ್ಡನ್. ನೀನು ಹೇಳಿದ್ದನ್ನ ಅವನು ಕಂಡಕಂಡವರಿಗೆಲ್ಲ ಹೇಳ್ಕೊಂಡು ನಗ್ತಿದ್ದ. ನಿನ್ನ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ."

"ನನಗಿದೆ," ಎಂದ ವೆಲ್ಡನ್. ಇಳಿಯಲಿಲ್ಲ.

ಆ ಪಟ್ಟಿಯನ್ನು ಸಾಕ್ಷಿಗಳ ಸಹಿಯೊಂದಿಗೆ ತಮಗೆ ಕಳಿಸಿದೆ. ಜೂನಿನಲ್ಲಿ ತಾವು ಕೃಪೆಯಿಟ್ಟು ಕಿರಿಯ ಅಧಿಕಾರಿಯೊಬ್ಬರನ್ನು ನಮ್ಮ ಸಭಾಭವನಕ್ಕೆ ಕಳಿಸಿದಿರಿ. ಆ ದಿನದ ಮಾತುಕತೆಯನ್ನು ನಡಾವಳಿ ಪುಸ್ತಕದಲ್ಲಿ ನಾನೇ ಬರೆದುಕೊಂಡಿದ್ದೇನೆ. ತಮ್ಮ ಇಲಾಖೆಯ ಜ್ಞಾನಭಂಡಾರ ಸಾರ್ವಜನಿಕರಿಗೂ ದೊರೆಯಲಿ ಎಂದು ಇಲ್ಲಿ ಕೊಡುತ್ತೇನೆ.

ವೆಲ್ಡನ್ ಎದ್ದು ನಿಂತ. "ಅದನ್ನ ಹೇಳಿದ್ದು ನಾನು ಸಾರ್. ತಮಾಷೆಗೆ ಹೇಳಿದ್ದು. ವಾಪಸ್ ತಗೋತೀನಿ."

"ನಿಮ್ಮ ದುಃಖ ಅರ್ಥ ಆಗುತ್ತೆ. ಆದ್ರೆ ಹೇಳಿಕೆ ವಾಪಸ್ ತಗೊಳ್ಳೋಕೆ ನಮ್ಮಲ್ಲಿ ನಮೂನೆ ಇಲ್ಲ."

ಯುಸ್ಟೋಲಿಯಾ ಎದ್ದಳು. "ನಾನು ಇಲ್ಲಿ ನಿಂತಿದ್ದೀನಿ. ನಿಮಗೆ ಕಾಣ್ತಿದ್ದೀನಾ?"

"ಕಾಣ್ತಿದ್ದೀರಿ ಮೇಡಂ. ಆದ್ರೆ ಈಗ ನೀವಿರೋದು ಹೊಳೆಯ ದಕ್ಷಿಣಕ್ಕೆ."

ನಗಬೇಕೋ ಕುರ್ಚಿ ಎತ್ತಿ ಎಸೆಯಬೇಕೋ ನಾವು ಮೂವತ್ತು ಜನಕ್ಕೂ ತಿಳಿಯಲಿಲ್ಲ. ಆಗ ಆತ ಒಂದು ದಾರಿ ಸೂಚಿಸಿದ. ಗಣತಿಯ ದಿನದ ಲೆಕ್ಕ ಮುಗಿದುಹೋದದ್ದು, ಅದನ್ನು ಮುಟ್ಟುವಂತಿಲ್ಲ. ಈಗಿನ ಜನಸಂಖ್ಯೆಯೆಂದು ಹೊಸ ಅರ್ಜಿ ಹಾಕಿದರೆ ಇಪ್ಪತ್ತು ಜನರನ್ನು ತಿದ್ದೋಲೆಯಲ್ಲಿ ಸೇರಿಸಬಹುದು, ಸೇತುವೆಯೂ ಮರಳಿ ಬರಬಹುದು. ವೆಲ್ಡನ್ ಸಹಿ ಹಾಕುವುದಿಲ್ಲವೆಂದ. "ಇಪ್ಪತ್ತಲ್ಲ, ಇಪ್ಪತ್ತೊಂದು. ನಾನು ಸಾಯೋವರೆಗೂ ಹಾಕಲ್ಲ." ಸೂನಿವಾ ಮುಂದೆ ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. "ಬರ್ರಗಾನ್ ಮನೆಯ ಅಜ್ಜಿಗೆ ಎಂಬತ್ತೊಂದು ವರ್ಷ ಕಣೋ. ಆಕೆಗೂ ನಾಳೆ ಎದೆನೋವು ಬರಬಹುದು. ಸೇತುವೆ ಬೇಕು," ಎಂದು ಮೊದಲ ಸಹಿ ಹಾಕಿದಳು. ಎಲ್ಲರೂ ಹಾಕಿದೆವು. ಕೊನೆಗೆ ವೆಲ್ಡನ್ ಕೂಡ ಹಾಕಿದ, ಕಾಗದದ ಕಡೆ ನೋಡದೆ.

ಆಗಸ್ಟಿನಲ್ಲಿ ಸೇತುವೆ ತೆರೆಯಿತು. ಅದರ ಬೆನ್ನಿಗೇ ತಮ್ಮ ತಿದ್ದೋಲೆಯೂ ಬಂತು. ಅದನ್ನು ಸಭಾಭವನದ ಗೋಡೆಗೆ ಅಂಟಿಸಿದ್ದೇನೆ. ಓದಿದವರು ಮತ್ತೊಬ್ಬರನ್ನು ಕರೆದು ತೋರಿಸುತ್ತಾರೆ. "ಹೊಳೆಯ ಉತ್ತರ ಭಾಗ: ಗಣತಿಯ ದಿನ ಜನವಸತಿ ಇಲ್ಲ. ತರುವಾಯ ಬಂದು ನೆಲೆಸಿದವರು ಇಪ್ಪತ್ತು." ಹುಟ್ಟಿದ ಮನೆ ಬಿಟ್ಟು ಎಲ್ಲೂ ಹೋಗದ ಐವತ್ತು ದಾಟಿದವರು, ಒಂಬತ್ತು ವರ್ಷದಿಂದ ಹಾಲು ಕರೆಯುತ್ತಿರುವವರು, ಮದುವೆಯಾಗಿ ನಲವತ್ತೆಂಟು ವರ್ಷ ಒಂದೇ ಒಲೆಯ ಮುಂದೆ ನಿಂತ ಸೂನಿವಾ, ಎಲ್ಲರೂ ತಮ್ಮ ಲೇಖನಿಯ ಮಹಿಮೆಯಿಂದ ಮೊನ್ನೆ ಮೊನ್ನೆ ಗಂಟುಮೂಟೆ ಕಟ್ಟಿಕೊಂಡು ಬಂದ ವಲಸೆಗಾರರಾದರು. ಮೇಲಾಗಿ ತಮ್ಮ ಇಲಾಖೆಯ ಪ್ರಕಟಣೆಯೊಂದು ನಮ್ಮನ್ನು ರಾಜ್ಯದಲ್ಲೇ ಅತಿ ವೇಗವಾಗಿ ಬೆಳೆಯುತ್ತಿರುವ ಟೌನ್‌ಶಿಪ್ಪುಗಳ ಪಟ್ಟಿಗೆ ಸೇರಿಸಿದೆ. ಅಭಿನಂದನೆ ಯಾರಿಗೆ ಸಲ್ಲಬೇಕು? ಒಂದು ತಪ್ಪನ್ನು ತಿದ್ದಲು ಇಷ್ಟೊಂದು ಸುಳ್ಳನ್ನು ಬರೆಯಬಲ್ಲ ಕೈಗೆ, ಸತ್ಯವನ್ನು ಒಂದೇ ಒಂದು ಅಂಕಿಯಲ್ಲಿ ಬರೆಯುವುದು ಅಷ್ಟು ಭಾರವಾಯಿತೇ?

ಸೇತುವೆ ಸಿಕ್ಕಿತಲ್ಲ, ಇನ್ನೇನು ಎಂದು ತಮಗನ್ನಿಸಬಹುದು. ತಮ್ಮ ಕಿರಿಯ ಅಧಿಕಾರಿಗೂ ಹಾಗೆಯೇ ಅನ್ನಿಸಿತು, ಫೋನಿನಲ್ಲಿ ಹೇಳಿದರು ಕೂಡ. ಆದರೆ ತಮ್ಮ ದಾಖಲೆಯಲ್ಲಿ ಟೋರ್ಗರ್ ಬ್ರೆಕ್ಕೆ ಗಣತಿಯ ದಿನ ಇರಲಿಲ್ಲ, ಅನಂತರ ಬಂದವರಲ್ಲೂ ಇಲ್ಲ. ಎಪ್ಪತ್ತೈದು ವರ್ಷ ಒಂದೇ ನೆಲದಲ್ಲಿ ಬಾಳಿದ ಮನುಷ್ಯ ತಮ್ಮ ಪುಸ್ತಕದ ಯಾವ ಪುಟದಲ್ಲೂ ಬದುಕಿರಲಿಲ್ಲ. ಬದುಕದವನು ಸಾಯುವುದಾದರೂ ಹೇಗೆ? ತಾವು ನಿಶ್ಚಿಂತೆಯಿಂದ ಇರುವುದಕ್ಕೆ ಇದೇ ಕಾರಣವಿರಬೇಕು.

ಆದ್ದರಿಂದ ನಮ್ಮ ಬೇಡಿಕೆ. ನಮಗೆ ಇನ್ನೊಂದು ಕಾಗದ ಬೇಡ, ವಿಷಾದವೂ ಬೇಡ. ತಾವು ಖುದ್ದಾಗಿ ಬನ್ನಿ. ಈಚೆ ದಡದಲ್ಲಿ ಕಾರು ನಿಲ್ಲಿಸಿ, ಸೇತುವೆಯನ್ನು ನಡೆದು ದಾಟಿ, ಎಡಗಡೆಯ ಮೊದಲ ಮನೆಯ ಬಾಗಿಲು ತಟ್ಟಿ. ಸೂನಿವಾ ಬಾಗಿಲು ತೆರೆದು ಕಾಫಿ ಕೊಡುತ್ತಾಳೆ. ಅವಳಿಗೆ ತಮ್ಮ ಮೇಲಿರುವ ಮರ್ಯಾದೆ ನನಗಿಲ್ಲ. ಕುಡಿದು, ತಮ್ಮ ಗಣತಿದಾರ ಅಂದು ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿ. ಎರಡು ವರ್ಷದ ಹಿಂದೆ, ಏಪ್ರಿಲ್ ಒಂದನೇ ತಾರೀಖು, ಈ ಮನೆಯಲ್ಲಿ ಎಷ್ಟು ಜನ ಇದ್ದರು?

ಇಬ್ಬರು ಎನ್ನುತ್ತಾಳೆ. ಅವಳ ಎದುರೇ ಬರೆದುಕೊಳ್ಳಿ.

ಇಂತಿ,
ತಮ್ಮ ಲೆಕ್ಕಕ್ಕೆ ಸಿಕ್ಕಿದ ಐವತ್ತೆಂಟು ಮಂದಿಯಲ್ಲಿ ಒಬ್ಬಳೆಂದು ನಾಚಿಕೆಪಡುವ
ಆರ್ಡಿಸ್ ಕ್ವಾಲೆ
ಗುಮಾಸ್ತೆ, ಓಸ್‌ಡಾಲ್ ಟೌನ್‌ಶಿಪ್