ದೊಡ್ಡದಕ್ಕೆ ಬೇಕಾದ ಗುಂಡು

ಎಲ್ಮರ್ ಅಣ್ಣಾ,

ಯೂಕಾನ್ ನದಿಯ ದಂಡೆಯ ಆ ಅಂಗಡಿಗೆ ಇವತ್ತು ಚೆಸ್ಟರ್ ಮಾವನ ಜೊತೆ ಹೋಗಿದ್ದೆ. ಅಂಗಡಿಯವನು ಬೇರೆ ಊರಿನವನು, ನಮ್ಮ ರೂಢಿ ತಿಳಿಯದವನು. “ಯಾವ ಬೇಟೆಗೆ?” ಎಂದ. ಬೇಟೆಗೆ ಮುಂಚೆ ಕರಡಿಯ ಹೆಸರೆತ್ತಿದರೆ ಅದಕ್ಕೆ ಕೇಳಿಸುತ್ತದೆ ಎನ್ನುವವರಲ್ಲವೇ ನಾವು? “ದೊಡ್ಡದಕ್ಕೆ” ಎಂದೆ. ಅವನು ದೊಡ್ಡ ಜಿಂಕೆ ಎಂದುಕೊಂಡು ಜಿಂಕೆಗೆ ಹೊಡೆಯುವ ಹಗುರ ಗುಂಡುಗಳನ್ನು ಮುಂದಿಟ್ಟ. ನೀನು ಸತ್ತ ದಿನ ನಿನ್ನ ಬಂದೂಕಿನಲ್ಲಿದ್ದದ್ದೂ ಅವೇ. ಕರಡಿಯ ಭುಜದ ಮೂಳೆಗೆ ತಾಗಿ ಪುಡಿಯಾಗಿದ್ದವು.

“ಕರಡಿಗೆ ಕಣಯ್ಯಾ! ಭಾರದ ಗುಂಡು ಕೊಡು!” ಎಂದು ಕೂಗಿಬಿಟ್ಟೆ.

ಅಂಗಡಿಯಲ್ಲಿದ್ದ ನಮ್ಮವರೆಲ್ಲ ಬಾಗಿಲ ಕಡೆ ಸರಿದರು. ಮಾವ ಟೋಪಿ ಹಾಕಿಕೊಂಡ. “ಅದಕ್ಕೆ ಕೇಳಿಸ್ತು ಕಣೋ. ಇನ್ನು ನಿನ್ ಜೊತೆ ಕಾಡಿಗೆ ಯಾರ್ ಬರ್ತಾರೆ? ನಾನಂತೂ ಬರಲ್ಲ.”

ಭಾರದ ಗುಂಡುಗಳನ್ನು ನಿನ್ನ ಹಾಸಿಗೆಯ ಮೇಲಿಟ್ಟಿದ್ದೇನೆ.

ಅವತ್ತು ನೀನೂ “ದೊಡ್ಡದಕ್ಕೆ” ಎಂದೇ ಕೇಳಿದ್ದೆ. ಪಕ್ಕದಲ್ಲಿ ನಾನೂ ನಿಂತಿದ್ದೆ.