ಹಿಡಿಯ ಅಳತೆ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಾವು ಕ್ಷೇಮ ಅಂತ ಬರೆದರೆ ನೀನು ನಂಬುವವಳಲ್ಲ, ಹಾಗಾಗಿ ಬರೆಯುವುದಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು. ನಿನ್ನ ಯಜಮಾನರ ಗುಜರಿ ಅಂಗಡಿಗೆ ಬರುವ ಮುರಿದ ಗುದ್ದಲಿ, ಸಲಿಕೆ, ಪಿಕಾಸಿ ಏನಿದ್ದರೂ ತೂಕಕ್ಕೆ ಹಾಕುವ ಮೊದಲು ಒಂದು ಮೂಟೆ ನನಗೆ ಕಳಿಸು. ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಅವರು ನಗಲಿ, ಪರವಾಗಿಲ್ಲ.

ನಿನ್ನ ಭಾವನ ಬಲಗೈ ನಡುಗುವುದನ್ನು ನೀನೇ ನೋಡಿದ್ದೀಯ. ಬೇಸಿಗೆಯಲ್ಲಿ ಇವರು ರಿಪೇರಿ ಮಾಡಿಕೊಟ್ಟ ಗುದ್ದಲಿಯ ತಲೆ ಕಳಚಿ ತರಕಾರಿ ತೋಟದವನ ಪಾದದ ಮೇಲೆ ಬಿತ್ತು. ಹಿಡಿಗೆ ಬಡಿದ ಬೆಣೆ ಸರಿಯಾಗಿ ಕೂತಿರಲಿಲ್ಲ. ಅವನು ಒಳ್ಳೆಯವನು, ಜಗಳಕ್ಕೆ ಬರಲಿಲ್ಲ. ಬೀದಿಯಲ್ಲಿ ಕುಂಟುತ್ತಾ ಓಡಾಡಿದ, ಅಷ್ಟೇ ಸಾಕಾಯಿತು. ಆಮೇಲೆ ನಮ್ಮ ಶೆಡ್ಡಿನ ಕಡೆ ಒಬ್ಬರೂ ತಲೆ ಹಾಕಲಿಲ್ಲ. ಇವರು ಮಾತ್ರ ಬೆಳಿಗ್ಗೆ ಬಾಗಿಲು ತೆಗೆದು, ಕುಲುಮೆಯ ಬೂದಿ ಗುಡಿಸಿ, ದಾರಿ ನೋಡುತ್ತಾ ಕೂರುತ್ತಿದ್ದರು. ಊಟ ಬಿಟ್ಟರು. ಮಾತೂ ಬಿಟ್ಟರು. ಗಂಡ ಕಣ್ಣೆದುರೇ ಕರಗುವುದನ್ನು ನೋಡಿಕೊಂಡು ಹೇಗೆ ಕೂರಲಿ, ನನಗೆ ಹೆದರಿಕೆಯಾಯಿತು.

ಬೀದಿಗೆ ಬಂದ ಗುಜರಿ ಗಾಡಿಯಿಂದ ಒಂದು ಮುರುಕು ಗುದ್ದಲಿ ತಂದು, ನೀವು ಸ್ನಾನಕ್ಕೆ ಹೋದಾಗ ಯಾರೋ ಕೊಟ್ಟು ಹೋದರು ಅಂದೆ. ತಿರುಗಿಸಿ ತಿರುಗಿಸಿ ನೋಡಿ, ಗಿರಾಕಿ ಎಷ್ಟು ಎತ್ತರ ಅಂತ ಕೇಳಿದರು. ಗಿರಾಕಿಯನ್ನು ನಿಲ್ಲಿಸಿ ಮೊಣಕೈ ಮಟ್ಟ ನೋಡದೆ ಹಿಡಿ ಕತ್ತರಿಸುವವರಲ್ಲವಲ್ಲ. ಬಾಗಿಲಿಗೆ ತಲೆ ತಾಗುವಷ್ಟು ಉದ್ದ ಅಂತ ಬಾಯಿಗೆ ಬಂದದ್ದು ಹೇಳಿದೆ. ಮತ್ತೊಂದು ತಂದಾಗ, ಇದರವನು ಗಿಡ್ಡ ಅಂದೆ. ಇನ್ನೊಬ್ಬ ಹೊಟ್ಟೆ ಡುಮ್ಮ, ಬಾಯಿ ಜಾಸ್ತಿ ಅಂದೆ. ಅದಕ್ಕೆ ಸ್ವಲ್ಪ ನಕ್ಕರು ಕೂಡ. ಆ ದಿನ ಕರೆಯದೇ ಊಟಕ್ಕೆ ಬಂದು ಕೂತರು.

ರಿಪೇರಿಯಾದದ್ದನ್ನು ಗಿರಾಕಿಗೆ ಕೊಟ್ಟು ಬರುತ್ತೇನೆಂದು ಹೇಳಿ ಒಳಕೋಣೆಯ ಮಂಚದ ಕೆಳಗೆ ತಳ್ಳುತ್ತೇನೆ. ಯಾವುದೂ ಕೆಲಸಕ್ಕೆ ಬರುವಂಥದ್ದಲ್ಲ, ಅಲುಗಿಸಿದರೆ ತಲೆ ಕೈಗೇ ಬರುತ್ತದೆ. ಈಗ ಗುಜರಿ ಗಾಡಿಯೂ ಈ ಕಡೆ ಬರುವುದಿಲ್ಲ. ನಿನ್ನೆ ಬಚ್ಚಿಟ್ಟದ್ದರಲ್ಲೇ ಒಂದನ್ನು ಎಳೆದು ಕಲ್ಲಿಗೆ ಬಡಿದು ಮುರಿದು ಕೊಟ್ಟೆ. ಅವರು ಅಷ್ಟು ಒದ್ದಾಡಿ ಮಾಡಿದ್ದನ್ನು ನನ್ನ ಕೈಯಾರೆ ಮುರಿದೆ ಪುಟ್ಟಿ, ಆಮೇಲೆ ಹಿತ್ತಲಲ್ಲಿ ಕೂತು ಅತ್ತೆ. ಆ ಕೈ ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ನನ್ನೊಬ್ಬಳಿಗೆ ಹೇಳಿದ್ದಾರೆ. ಇವರಿಗೆ ನಾನು ಹೇಳಿಲ್ಲ.

ಬೇಗ ಕಳಿಸು. ಹಿಡಿಯೇ ಇಲ್ಲದವಾದರೆ ಇನ್ನೂ ಒಳ್ಳೆಯದು, ಕೆಲಸ ಹೆಚ್ಚು ಹೊತ್ತು ಹಿಡಿಯುತ್ತದೆ.

ನಿನ್ನ ದಾರಿ ಕಾಯುವ
ಅಕ್ಕ

ಮತ್ತೆ: ಕಾಗದ ಮುಗಿಸಿ, ಮಂಚದ ಕೆಳಗೆ ಗುಡಿಸೋಣವೆಂದು ಅವನ್ನೆಲ್ಲ ತೆಗೆದು ಗೋಡೆಗೆ ಒರಗಿಸಿದೆ. ಉದ್ದನೆಯವನದು, ಗಿಡ್ಡನದು, ಡುಮ್ಮನದು, ಎಲ್ಲ ಹಿಡಿಗಳೂ ಒಂದೇ ಅಳತೆ. ಒಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿದೆ. ಸರಿಯಾಗಿ ನನ್ನ ಮೊಣಕೈಗೆ ಬಂತು. ಆದರೂ ಮೂಟೆ ಕಳಿಸು.