ಮೌನ ಮುರಿಯುವುದು ಬೇಡ

ಬೆಸೆಂಟ್ ನಗರ
ಶುಕ್ರವಾರ ಬೆಳಿಗ್ಗೆ

ಪೂಜ್ಯ ಅತ್ತೆಯವರಿಗೆ ಕೋಮಲಾಳ ಶರಣು ಶರಣಾರ್ಥಿ.

ಶ್ರಾವಣ ಮುಗಿಯುವವರೆಗೆ ನಿಮ್ಮದು ಮೌನವ್ರತ, ಫೋನೂ ಮುಟ್ಟುವುದಿಲ್ಲ. ಅದಕ್ಕೇ ನಿಮ್ಮ ಮಗನ ಕೈಯಲ್ಲಿ ಈ ಕಾಗದ.

ನೀವು ಊರಿನ ಆ ತುದಿಯ ಮಾಧವರಂನಲ್ಲಿರುವ ಮಗಳ ಮನೆಗೆ ಹೋಗುವ ಮುಂಚೆ, ನೀವೇ ಹಾಲು ಹಾಕುತ್ತಿದ್ದ ಬೆಕ್ಕು ನಿಮ್ಮ ಕೈ ಪರಚಿತ್ತು. ಸೋಪು ಹಚ್ಚಿ ಹದಿನೈದು ನಿಮಿಷ ನಲ್ಲಿ ಕೆಳಗೆ ತೊಳೆಯಿರಿ, ಇಂಜೆಕ್ಷನ್‌ಗೆ ಹೋಗೋಣ ಅಂದೆ. ನೀವು ಗಾಯಕ್ಕೆ ವಿಭೂತಿ ಒತ್ತಿ ಪೂಜೆಗೆ ಕೂತಿರಿ. ನಾನೂ ಸುಮ್ಮನಾದೆ.

ಇವತ್ತು ವಾಚ್‌ಮನ್ ಬಾಯಿಬಿಟ್ಟ. ಆ ಬೆಕ್ಕು ಅದೇ ವಾರ ಹುಚ್ಚು ಹಿಡಿದು, ಜೊಲ್ಲು ಸುರಿಸುತ್ತಾ ಅವನನ್ನೂ ಕಚ್ಚಿ ಸತ್ತಿತಂತೆ. ಅವನು ಎಲ್ಲಾ ಇಂಜೆಕ್ಷನ್ ಹಾಕಿಸಿಕೊಂಡಿದ್ದಾನೆ. ನೀವು ಮಗಳ ಮನೆಗೆ ಹೊರಡುವ ಮುಂಚೆಯೇ ನಿಮಗೂ ಹೇಳಿದ್ದನಂತೆ. ಸೊಸೆಗೆ ಹೇಳಬೇಡ ಅಂದಿರಂತೆ. ನನ್ನ ಮಾತು ಗೆಲ್ಲಬಾರದು ಅಂತಲಾ ಅತ್ತೆ?

ಕೆಳಗೆ ಆಟೋ ಕಾಯುತ್ತಿದೆ, ಆಸ್ಪತ್ರೆಗೆ ಹೊರಡಿ. ಮೌನ ಮುರಿಯುವುದು ಬೇಡ. ಈ ಕಾಗದದ ಹಿಂದುಗಡೆ ಇಂಗ್ಲಿಷಿನಲ್ಲಿ ಬರೆದಿದ್ದೇನೆ: ಬಲಗೈ, ಪರಚಿ ಮೂವತ್ತೆಂಟು ದಿನ, ಒಂದು ಇಂಜೆಕ್ಷನ್ನೂ ಆಗಿಲ್ಲ. ಡಾಕ್ಟರಿಗೆ ತೋರಿಸಿದರೆ ಸಾಕು.

ನಿಮ್ಮ ಮಗಳು ಸಂಗೀತಾ ಫೋನಿನಲ್ಲಿ ಹೇಳಿದಳು, ನಿನ್ನೆಯಿಂದ ಅಮ್ಮ ಈ ಸೆಕೆಯಲ್ಲೂ ಫ್ಯಾನ್ ಹಾಕಲು ಬಿಡುತ್ತಿಲ್ಲ, ಪೂಜೆಯ ಪಾದೋದಕವನ್ನೂ ಬಾಯಿಗಿಡದೆ ಎದ್ದುಬಿಟ್ಟರು ಅಂತ. ಉಪವಾಸವೇನೋ ಅಂದೆ. ಆದರೆ ನೀವು ಉಪವಾಸದಲ್ಲೂ ಪಾದೋದಕ ಬಿಟ್ಟವರಲ್ಲ.

ಇಲ್ಲಿನ ಡಾಕ್ಟರು ಮೊದಲು ಕೇಳಿದ್ದೇ ಅದು: ಗಾಳಿ ತಡೆಯುತ್ತಾರಾ, ನೀರು ಕುಡಿಯುತ್ತಾರಾ?

ಆಟೋ ಹತ್ತುವ ಮುಂಚೆ ನಿಮ್ಮ ಮಗನ ಎದುರಿಗೆ ಒಂದು ಗುಟುಕು ನೀರು ಕುಡಿಯಿರಿ. ಕುಡಿದರೆ ಅವರು ನನಗೆ ಫೋನ್ ಮಾಡಲಿ. ಫೋನ್ ಕೈಯಲ್ಲೇ ಹಿಡಿದು ಕೂತಿದ್ದೇನೆ.

ನಿಮ್ಮ ಸೊಸೆ,
ಕೋಮಲಾ